ಕಮಲಾಕ್ಷಿ ಟೀಚರ್ ತಿದ್ದಿದ ಸಾಲು

ಹೈದರಾಬಾದಿನ ಮಣಿಕೊಂಡದ ಆ ಖಾಸಗಿ ಶಾಲೆಯಲ್ಲಿ ಕನ್ನಡ ಮಾತಾಡುವವರು ಮೂರೇ ಜನ. ಸಮಾಜ ವಿಜ್ಞಾನ ಕಲಿಸುವ ಕಮಲಾಕ್ಷಿ ಟೀಚರ್, ಹುಡುಗಿಯರ ಬಾತ್‌ರೂಮು ತೊಳೆಯುವ ಆಯಮ್ಮ ಶರಣಬಸಮ್ಮ, ಮತ್ತೆ ಶರಣಬಸಮ್ಮನ ಮಗಳು ಕಾವ್ಯಾ. ಶಾಲೆಯ ಕೆಲಸಗಾರರ ಮಕ್ಕಳಿಗೆ ಫೀಸು ಇಲ್ಲವಾದ್ದರಿಂದ ಕಾವ್ಯಾ ಅಲ್ಲಿ ಒಂಬತ್ತನೇ ತರಗತಿಯವರೆಗೆ ಬಂದಿದ್ದಳು. ಅವಳಪ್ಪ ಮಲ್ಲಪ್ಪ ಯಾದಗಿರಿ ಕಡೆಯವನು, ಗಚ್ಚಿಬೌಲಿಯ ಹೊಸ ಕಟ್ಟಡಗಳಲ್ಲಿ ಟೈಲ್ಸ್ ಕೂರಿಸುತ್ತಿದ್ದ.

ಕಮಲಾಕ್ಷಿ ಹುಟ್ಟಿ ಬೆಳೆದದ್ದು ಹೈದರಾಬಾದಿನಲ್ಲೇ. ತಂದೆ ಸುಬ್ಬರಾಯರು ಕುಂದಾಪುರದಿಂದ ಬಂದು ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎಂ.ಎ. ಆದಮೇಲೆ ಆಕೆಗೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೀಟು ಸಿಕ್ಕಿತ್ತು. ಎರಡು ವರ್ಷ ಓಡಾಡಿದ್ದೂ ಆಯಿತು. ಆಮೇಲೆ ಮದುವೆ, ಮಗ ಸೂರಜ್‌ನ ಬಾಣಂತನ, ಅತ್ತೆಯ ಕಾಯಿಲೆ. ಬರೆದ ಅಧ್ಯಾಯಗಳು ಅಟ್ಟ ಸೇರಿದವು. ಇಪ್ಪತ್ತೆರಡು ವರ್ಷ ಪಾಠ ಹೇಳಿದ ನಂತರ ಶಾಲೆಯವರು ‘ಸ್ವತಂತ್ರ ಸಂಶೋಧನೆ’ ಎಂಬ ಹೊಸ ಕಾರ್ಯಕ್ರಮ ತಂದು, ಅದರ ಹೊಣೆ ಹೊರುತ್ತೀರಾ ಎಂದು ಕೇಳಿದಾಗ ಟೀಚರ್‌ಗೆ ಆದ ಸಂತೋಷ ಅಷ್ಟಿಷ್ಟಲ್ಲ. ಒಂಬತ್ತನೆಯವರು ಒಬ್ಬೊಬ್ಬರೂ ಒಂದು ಸಾಮಾಜಿಕ ಸಮಸ್ಯೆ ಆರಿಸಿಕೊಂಡು ತಾವೇ ಹುಡುಕಿ, ತಾವೇ ಬರೆಯಬೇಕು. ಚೆನ್ನಾಗಿದ್ದುದನ್ನು ಜನವರಿಯಲ್ಲಿ ನಗರಮಟ್ಟದ ಸ್ಪರ್ಧೆಗೆ ಕಳಿಸುವುದು.

ಬಹಳ ಮಕ್ಕಳು ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಬಂದರು. ಪ್ಲಾಸ್ಟಿಕ್, ಬಾಲಕಾರ್ಮಿಕರು, ಮೊಬೈಲ್ ಚಟ. ಕಾವ್ಯಾ ಮಾತ್ರ ಬರಿಗೈಯಲ್ಲಿ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

“ಮೇಡಂ, ಒಂದು ಕೇಳ್ಲೇನ್ರಿ? ಹುಡುಗ್ಯಾರ ನೀರಿನ ಬಾಟ್ಲಿ ಹೆಂಗ ಬರ್ತಾವೋ ಹಂಗs ಮನೀಗಿ ಹೋಗ್ತಾವ. ನಮ್ಮವ್ವ ದಿನಾ ನೋಡ್ತಾಳ. ಯಾಕ ಕುಡಿಯೂದಿಲ್ಲ ಅಂತ ಹುಡುಕಬಹುದೇನ್ರಿ?”

ಕಮಲಾಕ್ಷಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. “ಹುಡುಕು. ಆದ್ರೆ ಅಳತೆ ಮಾಡಿ ಹುಡುಕು. ಸುಮ್ಮನೆ ಕುಡಿಯಲ್ಲ ಅಂದ್ರೆ ಯಾರೂ ನಂಬಲ್ಲ.”

ಕಾವ್ಯಾ ಅಳತೆ ಮಾಡಿದಳು. ಅಡುಗೆಮನೆಯ ಪ್ಲಾಸ್ಟಿಕ್ ಅಳತೆಗ್ಲಾಸು ತಂದು, ಮೂರು ವಾರ ಶಾಲೆ ಬಿಡುವ ಹೊತ್ತಿಗೆ ಗೇಟಿನ ಪಕ್ಕ ಕೂತು, ನೂರಹನ್ನೆರಡು ಹುಡುಗಿಯರ ಬಾಟ್ಲಿಯಲ್ಲಿ ಉಳಿದ ನೀರನ್ನು ಅಳೆದು ಬರೆದುಕೊಂಡಳು. ಕೆಲವರು ನಕ್ಕರು. ಬಸ್ಸಿನ ಡ್ರೈವರ್ ತಡವಾಗುತ್ತದೆಂದು ಬೈದ. ಪ್ರತಿ ಹತ್ತರಲ್ಲಿ ಏಳು ಹುಡುಗಿಯರು ದಿನವಿಡೀ ಒಂದು ಲೋಟದಷ್ಟೂ ಕುಡಿಯುತ್ತಿರಲಿಲ್ಲ. ಯಾಕೆಂದು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಕುಡಿದರೆ ಬಾತ್‌ರೂಮಿಗೆ ಹೋಗಬೇಕಾಗುತ್ತದೆ, ಅಲ್ಲಿ ಗಲೀಜು.

ವರದಿಯ ಕೊನೆಯ ಪುಟದಲ್ಲಿ ಕಾವ್ಯಾ ಬರೆದಿದ್ದಳು: “ನಾನೂರ ಇಪ್ಪತ್ತು ಹುಡುಗಿಯರಿಗೆ ಒಬ್ಬರೇ ಆಯಮ್ಮ ಇದ್ದಾರೆ. ಅವರಿಗೆ ಎಲ್ಲವನ್ನೂ ತೊಳೆಯಲು ಆಗುವುದಿಲ್ಲವೆಂದು ಎರಡನೇ ಮಹಡಿಯ ಬಾತ್‌ರೂಮಿಗೆ ಬೀಗ ಹಾಕಲಾಗುತ್ತದೆ.” ಇಂಗ್ಲಿಷಿನಲ್ಲಿ ಬರೆದ ಆ ಎರಡು ವಾಕ್ಯಗಳಲ್ಲಿ ಸಣ್ಣದೊಂದು ತಪ್ಪೂ ಇರಲಿಲ್ಲ. ಅದನ್ನೋದಿ ಟೀಚರ್‌ಗೆ ತಾನು ಬರೆಯಲಾಗದ್ದನ್ನು ಈ ಹುಡುಗಿ ಬರೆದಳು ಅನ್ನಿಸಿತು. ಮನೆಗೆ ಹೋಗಿ ಗಂಡನೆದುರೂ ಹೇಳಿದರು.

ಸ್ಪರ್ಧೆಗೆ ಕಳಿಸುವ ಮುಂಚೆ ಪ್ರಿನ್ಸಿಪಾಲ್ ರವಿಕಿರಣ ಕಮಲಾಕ್ಷಿಯನ್ನು ಕರೆಸಿದರು. ವರದಿ ಮೇಜಿನ ಮೇಲಿತ್ತು. ಮಾತು ಇಂಗ್ಲಿಷಿನಲ್ಲಿ ನಡೆಯಿತು.

“ಕೆಲಸ ಚೆನ್ನಾಗಿದೆ ಮೇಡಂ. ಆದರೆ ಈ ಕೊನೆಯ ಪುಟ ಮ್ಯಾನೇಜ್‌ಮೆಂಟ್ ಮೇಲೆ ಬರೆದ ಹಾಗಿದೆ. ಇದು ಹೊರಗೆ ಹೋದರೆ ತಂದೆತಾಯಿಗಳು ನನ್ನನ್ನು ಕೇಳ್ತಾರೆ. ಸ್ವಲ್ಪ ಮೆತ್ತಗೆ ಮಾಡಿಸಿ. ಇಲ್ಲಾಂದ್ರೆ ಬೇರೆಯವರದು ಕಳಿಸೋಣ.”

ಕಮಲಾಕ್ಷಿ ವಾದ ಮಾಡಲಿಲ್ಲ. ಬೇರೆಯವರದು ಅನ್ನುವ ಮಾತು ಅವರಿಗೆ ನಾಟಿತು. ಆ ಸ್ಪರ್ಧೆಯ ವೇದಿಕೆಯ ಮೇಲೆ ಕಾವ್ಯಾಳನ್ನು ನೋಡುವ ಆಸೆ ಎಷ್ಟಿತ್ತೋ, ಆ ವೇದಿಕೆಯ ಬಳಿ ತಾನಿರಬೇಕೆಂಬ ಆಸೆಯೂ ಅಷ್ಟೇ ಇತ್ತು. ಮುಂದೆ ಅವರು ಇದನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದರು.

ಸಂಜೆ ಖಾಲಿ ತರಗತಿಯಲ್ಲಿ ಕಾವ್ಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು, “ನೋಡು, ಇಲ್ಲಿ ‘ಶುಚಿತ್ವದ ನಿರ್ವಹಣೆ ಸಮರ್ಪಕವಾಗಿಲ್ಲ’ ಅಂತ ಬರಿ. ಬೀಗದ್ದು ಬೇಡ. ಎಷ್ಟು ಜನ ಆಯಮ್ಮ ಅನ್ನೋದೂ ಬೇಡ.”

“ಹಂಗ ಬರದ್ರ ನಮ್ಮವ್ವನs ಸರಿ ಮಾಡೂದಿಲ್ಲ ಅಂದಂಗ ಆಗ್ತದಲ್ರಿ ಮೇಡಂ?”

“ಯಾರ ಹೆಸರೂ ಇಲ್ವಲ್ಲ. ವರದಿಯಲ್ಲಿ ಹೀಗೇ ಬರೆಯೋದು. ನನ್ನ ಮೇಲೆ ನಂಬಿಕೆ ಇದೆ ತಾನೆ?”

“ಐತ್ರಿ,” ಅಂದಳು ಕಾವ್ಯಾ. ಹಳೆಯ ಸಾಲುಗಳನ್ನು ಹೊಡೆದು ಹಾಕಿ ಹೊಸದನ್ನು ತನ್ನ ಕೈಯಿಂದಲೇ ಬರೆದಳು.

ಸ್ಪರ್ಧೆ ನಡೆದದ್ದು ನಾಂಪಲ್ಲಿಯ ಒಂದು ಸಭಾಂಗಣದಲ್ಲಿ. ಅಲ್ಲಿ ಪ್ರತಿವರ್ಷದ ದೊಡ್ಡ ಎಕ್ಸಿಬಿಷನ್ ನಡೆಯುವ ದಿನಗಳಾದ್ದರಿಂದ ಸ್ಟೇಷನ್ನಿನ ರಸ್ತೆಯಲ್ಲಿ ಆಟೋ ಮುಂದೆ ಸಾಗದೆ, ಇಬ್ಬರೂ ಚಾರ್ಟುಗಳನ್ನು ಸುತ್ತಿ ಹಿಡಿದು ನಡೆದೇ ಹೋದರು. ಅಳತೆಗ್ಲಾಸು ಕಂಡು ತೀರ್ಪುಗಾರರು ಮೆಚ್ಚಿಕೊಂಡರು. ಒಬ್ಬರು, “ಇಷ್ಟೆಲ್ಲ ಅಳೆದಿದ್ದೀಯಲ್ಲ, ಶುಚಿತ್ವ ಯಾಕೆ ಸರಿಯಿಲ್ಲ ಅಂತ ಹುಡುಕಲಿಲ್ಲವೇ?” ಎಂದು ಕೇಳಿದಾಗ ಕಾವ್ಯಾ ಟೀಚರ್ ಕಡೆ ನೋಡಿದಳು. ಟೀಚರ್ ಚಾರ್ಟು ಸರಿಮಾಡುವವರಂತೆ ಬಗ್ಗಿದರು. ಎರಡನೇ ಬಹುಮಾನ ಬಂತು.

ಬಹುಮಾನ ಬಂದದ್ದರಿಂದ ಮ್ಯಾನೇಜ್‌ಮೆಂಟಿನವರು ವರದಿ ತರಿಸಿಕೊಂಡು ಓದಿದರು. ಮಾರ್ಚಿ ತಿಂಗಳಲ್ಲಿ ಶುಚಿತ್ವದ ಕೆಲಸವನ್ನು ಒಂದು ಏಜೆನ್ಸಿಗೆ ವಹಿಸಿದರು. ಶರಣಬಸಮ್ಮನಿಗೆ ಪರೀಕ್ಷೆ ಮುಗಿದ ಮೇಲೆ ಬರಬೇಡ ಅಂದರು. ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ, ಏನು ತಪ್ಪು ಎಂದು ಆಕೆ ಕೇಳಿದ್ದಕ್ಕೆ ಆಫೀಸಿನ ಗುಮಾಸ್ತ, “ನಿನ್ನ ಮಗಳೇ ಬರೆದಿದ್ದಾಳಲ್ಲ, ಕ್ಲೀನಿಂಗ್ ಸರಿಯಿಲ್ಲ ಅಂತ,” ಎಂದು ತೆಲುಗಿನಲ್ಲಿ ಎಲ್ಲರೆದುರು ಹೇಳಿಬಿಟ್ಟ. ತಾಯಿಯ ಕೆಲಸ ಹೋದಮೇಲೆ ಮಗಳ ಫೀಸಿನ ವಿನಾಯಿತಿಯೂ ಹೋಯಿತು.

ಸುದ್ದಿ ತಿಳಿದು ಕಮಲಾಕ್ಷಿ ಪ್ರಿನ್ಸಿಪಾಲರ ಕೋಣೆಗೆ ಹೋದರು. ಅವರು ವರದಿಯ ಕೊನೆಯ ಪುಟ ತೆಗೆದು ಮುಂದಿಟ್ಟರು. “ನಾನೇನು ಮಾಡಲಿ ಮೇಡಂ, ಮಗುವೇ ಬರೆದಿದೆ.” ಆ ವಾಕ್ಯ ಯಾರದೆಂದು ಇಬ್ಬರಿಗೂ ಗೊತ್ತಿತ್ತು. ನಾನೇ ಬರೆಸಿದ್ದು, ಬರೆಸಿ ಅಂದವರು ನೀವು ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಕಮಲಾಕ್ಷಿ “ಸರಿ ಸರ್” ಎಂದು ಎದ್ದು ಬಂದರು.

ಅವತ್ತೇ ಶರಣಬಸಮ್ಮನ ಮನೆಗೆ ಹೋಗಬೇಕೆಂದುಕೊಂಡರು. ಮೌಲ್ಯಮಾಪನವಿದೆ, ಬಿಸಿಲು, ಸೂರಜ್ ರಜೆಗೆ ಬಂದಿದ್ದಾನೆ ಎಂದು ದಿನ ದೂಡಿದರು. ಹೋದದ್ದು ಜೂನ್ ತಿಂಗಳಲ್ಲಿ, ಹಾಜರಿ ಪುಸ್ತಕದಲ್ಲಿ ಕಾವ್ಯಾಳ ಹೆಸರಿಲ್ಲದ್ದನ್ನು ಕಂಡ ದಿನ.

ಮಣಿಕೊಂಡದ ಅಪಾರ್ಟ್‌ಮೆಂಟುಗಳ ಹಿಂದಿನ ಗಲ್ಲಿಯಲ್ಲಿ ಒಂದೇ ಕೋಣೆಯ ಮನೆ. ಕಾವ್ಯಾ ಇರಲಿಲ್ಲ, ಸರಕಾರಿ ಶಾಲೆಗೆ ಸೇರುವ ಕಾಗದಪತ್ರಕ್ಕೆಂದು ಅಪ್ಪನ ಜೊತೆ ಹೋಗಿದ್ದಳು. ಶರಣಬಸಮ್ಮ ಜೋಳದ ಹಿಟ್ಟು ಸಾಣಿಸುತ್ತಿದ್ದವಳು ಕೈ ಒರೆಸಿಕೊಂಡು ಎದ್ದಳು.

“ಬರ್ರಿ ಬರ್ರಿ ಟೀಚರ್. ಇಲ್ಲಿ ಕುಂದರ್ರಿ. ಚಾ ಮಾಡ್ತೀನಿ.”

“ಚಹಾ ಬೇಡ ಶರಣಬಸಮ್ಮ. ನೀವು ಕೂತ್ಕೊಳ್ಳಿ.” ಕಮಲಾಕ್ಷಿ ಅಲ್ಲೇ ನೆಲದ ಮೇಲೆ ಕೂತರು. “ಆ ಮಾತು ಕಾವ್ಯಾಳದಲ್ಲ. ಅವಳು ಸರಿಯಾಗೇ ಬರೆದಿದ್ದಳು. ಒಬ್ಬರೇ ಆಯಮ್ಮ, ಎಷ್ಟು ಅಂತ ತೊಳೀತಾರೆ ಅಂತ. ಅದನ್ನು ಹೊಡೆದು ಹಾಕಿಸಿ, ಬೇರೆ ಬರೆಸಿದ್ದು ನಾನು.”

ಶರಣಬಸಮ್ಮ ಜರಡಿಯನ್ನು ಗೋಡೆಗೆ ಒರಗಿಸಿಟ್ಟಳು.

“ಅಕಿ ಇದನ್ನ ಹೇಳಲೇ ಇಲ್ರಿ,” ಅಂದಳು. “ಯಾರು ಬರಿಸಿದ್ರು ಅಂತ ಎಷ್ಟು ಸಲ ಕೇಳೀನಿ. ನಾನs ಬರದೀನಿ ಅಂತ ಅಂದ್ಲು. ಹೆತ್ತವ್ವನ ಅನ್ನಕ್ಕ ಮಣ್ಣು ಹಾಕಿದಿ ಅಂತ ಕಪಾಳಕ್ಕ ಹೊಡದೀನ್ರಿ ನಾ. ಮೂರು ತಿಂಗಳಾತು, ಅಕಿ ಜೋಡಿ ನೆಟ್ಟಗ ಮಾತಾಡಿಲ್ಲ.”

ಕಮಲಾಕ್ಷಿ ಅಳತೊಡಗಿದರು. ಶರಣಬಸಮ್ಮ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ.

“ಕೆಲಸ ಹೋದ್ರ ಹೋಗ್ಲಿರಿ, ಗಚ್ಚಿಬೌಲ್ಯಾಗ ಎರಡು ಮನಿ ಕೆಲಸ ಹಿಡಿದೀನಿ. ಆದ್ರ ಈ ಮಾತು ಮಾರ್ಚಿನ್ಯಾಗ ಬಂದು ಹೇಳಬೇಕಿತ್ರಿ ನೀವು. ನನ್ನ ಮಗಳಿಗೆ ನಾ ಹೊಡೀತಿರಲಿಲ್ಲ.”

ಆ ವಾರವೇ ಕಮಲಾಕ್ಷಿ, ತಾನೇ ತಿದ್ದಿಸಿದ್ದೆಂದು ಮ್ಯಾನೇಜ್‌ಮೆಂಟಿಗೆ ಪತ್ರ ಬರೆದರು. ಹಳೆಯ ಸಾಲುಗಳನ್ನೂ ಅದರಲ್ಲಿ ಬರೆದು, ಶರಣಬಸಮ್ಮನನ್ನು ವಾಪಸು ಕರೆಯಬೇಕೆಂದು ಕೇಳಿಕೊಂಡರು. ಉತ್ತರ ಬರಲಿಲ್ಲ. ಏಜೆನ್ಸಿಯವರು ಕಳಿಸಿದ್ದೂ ಒಬ್ಬಳೇ ಹೆಂಗಸನ್ನು. ಎರಡನೇ ಮಹಡಿಯ ಬೀಗ ಹಾಗೇ ಇತ್ತು. ಸಂಶೋಧನೆಯ ಹೊಣೆ ಬೇಡವೆಂದು ಟೀಚರ್ ಬಿಟ್ಟುಕೊಟ್ಟರು, ಶಾಲೆಯನ್ನು ಬಿಡಲಿಲ್ಲ. ನಿವೃತ್ತಿಗೆ ನಾಲ್ಕು ವರ್ಷ ಬಾಕಿಯಿತ್ತು.

ಕಾವ್ಯಾ ಸರಕಾರಿ ಶಾಲೆಯಲ್ಲೇ ಹತ್ತನೇ ತರಗತಿ ಮುಗಿಸಿದಳು, ಒಳ್ಳೆಯ ಅಂಕಗಳೇ ಬಂದವು. ಈಗ ನಾಂಪಲ್ಲಿಯ ಕಡೆ ಕಾಲೇಜಿಗೆ ಹೋಗುತ್ತಾಳೆ. ಒಮ್ಮೆ ಬಸ್ ಸ್ಟಾಪಿನಲ್ಲಿ ಸಿಕ್ಕಾಗ ಕಮಲಾಕ್ಷಿಯೇ ಹತ್ತಿರ ಹೋಗಿ ಕೇಳಿದರು, “ಅವತ್ತು ನನ್ನ ಹೆಸರು ಯಾಕಮ್ಮ ಹೇಳಲಿಲ್ಲ?”

“ನೀವು ಹೇಳಿದ್ರಿ, ಖರೆ. ಆದ್ರ ಬರೆದಾಕಿ ನಾನs ಅಲ್ರಿ ಮೇಡಂ?” ಅಂದಳು ಕಾವ್ಯಾ. ದನಿಯಲ್ಲಿ ಸಿಟ್ಟಿರಲಿಲ್ಲ. ಅವ್ವ ಆರಾಮ ಇದ್ದಾಳೆ, ಈಗ ತನ್ನ ಜೊತೆ ಮೊದಲಿನಂತೆ ಮಾತಾಡುತ್ತಾಳೆ ಎಂದಳು.

ಕಾಲೇಜಿನಲ್ಲೂ ಏನಾದರೂ ಬರೆಯುತ್ತಿದ್ದೀಯಾ ಎಂದು ಟೀಚರ್ ಕೇಳಿದರು. ಹೌದೆಂದಳು, ಗಲ್ಲಿಯ ನಳದ ನೀರಿನ ಬಗ್ಗೆ ಒಂದು ವರದಿ ಮಾಡುತ್ತಿದ್ದಾಳಂತೆ. “ಮುಗಿದ ಮೇಲೆ ನನಗೂ ಒಂದು ಸಲ ತೋರಿಸ್ತೀಯಾ?” ಅನ್ನುವ ಮಾತು ಟೀಚರ್ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಬಸ್ಸು ಬಂತು. ಕಾವ್ಯಾ “ಬರ್ತೀನ್ರಿ ಮೇಡಂ” ಎಂದು ಕೈಮುಗಿದು ಹತ್ತಿದಳು. ಟೀಚರ್ ತಮ್ಮ ಬಸ್ಸಿಗಾಗಿ ಅಲ್ಲೇ ಬೆಂಚಿನ ಮೇಲೆ ಕೂತರು.