ಹಲಗೆಗೆ ಹೇಳಿದ ಪಾಠ

ಲೆಕ್ಕದ ಮೇಡಂಗೆ ಇಪ್ಪತ್ತೆರಡು ವರ್ಷದಿಂದ ಏಳನೇ ಕ್ಲಾಸೆಂದರೆ ಸ್ವಂತ ಮನೆಯಿದ್ದ ಹಾಗೆ. ಭಿನ್ನರಾಶಿ ಕಲಿಸುವುದು ನೀರು ಕುಡಿದಷ್ಟು ಸಲೀಸು. ಅಂಥವರ ಕ್ಲಾಸಿನಲ್ಲೇ ಈ ಸಲ ಅರ್ಧಕ್ಕರ್ಧ ಮಕ್ಕಳು ಫೇಲಾಗಿ ಕೂತರು. ಹೆಡ್‌ಮಾಸ್ತರು ಕರೆದು, "ಮುಂದಿನ ತಿಂಗಳ ಟೆಸ್ಟ್ ನೋಡೋಣ ಮೇಡಂ. ಆಗ್ಲೂ ಹೀಗೇ ಆದ್ರೆ ಏಳನೇ ಕ್ಲಾಸನ್ನ ಹೊಸ ಮಾಸ್ತರಿಗೆ ಕೊಡ್ಬೇಕಾಗುತ್ತೆ" ಎಂದರು. ಮೇಡಂ ಮುಖ ಚಿಕ್ಕದಾಯಿತು.

ಕಾರಣಗಳಿಗೇನು ಬರವೇ? ಮೂವತ್ತಿದ್ದ ಮಕ್ಕಳು ಅರವತ್ತೆರಡಾಗಿದ್ದರು. ಕೋಣೆ ಬದಲಾಗಿ, ಕಿಟಕಿಗೆ ಅಂಟಿಕೊಂಡಂತೆ ಕಬ್ಬಿಣ ಕೊಯ್ಯುವ ವರ್ಕ್‌ಶಾಪು. "ಕೊನೇ ಬೆಂಚಿನವಂತೂ ಕಲ್ಲಿನ ಹಾಗೆ ಕೂತಿರ್ತವೆ, ಯಾರು ಬಂದ್ರೂ ಕಲಿಸಕ್ಕಾಗಲ್ಲ" ಎಂದು ಮೇಡಂ ಸ್ಟಾಫ್‌ರೂಮಿನಲ್ಲಿ ಗೊಣಗಿದರು. ಕೊಟ್ಟ ಕಾರಣಗಳಲ್ಲಿ ಮುಕ್ಕಾಲು ಪಾಲು ನಿಜವೇ ಅನ್ನಿ.

ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ, ಕಾಲು ನೋವೆಂದು ಮೇಡಂ ಕೊನೇ ಬೆಂಚಿನಲ್ಲೇ ಕುಸಿದು ಕೂತರು. ಕಸ ಗುಡಿಸುವ ಆಯಾ ಹಲಗೆ ಒರೆಸುತ್ತ ಏನೋ ಹೇಳಿದಳು. ವರ್ಕ್‌ಶಾಪು ಕಿರ್ರೆನ್ನುತ್ತಿತ್ತು.

"ಏನಂದೆ?"

ಆಯಾ ತಿರುಗದೆ ಮತ್ತೆ ಹೇಳಿದಳು. ಒಂದಕ್ಷರವೂ ಕೇಳಿಸಲಿಲ್ಲ.

"ಈ ಕಡೆ ತಿರುಗಿ ಹೇಳಮ್ಮ, ಗೋಡೆಗ್ಯಾಕೆ ಹೇಳ್ತೀಯ!"

ಆಯಾ ತಿರುಗಿ ನಕ್ಕಳು. "ಲೆಕ್ಕ ಬರೀತಾ ನೀವೂ ಹೀಗೇ ಅಲ್ವಾ ಮೇಡಂ ಪಾಠ ಹೇಳೋದು? ದಿನಾ ಬಾಗಿಲಲ್ಲಿ ನಿಂತು ನೋಡ್ತೀನಿ."

ಮೇಡಂಗೆ ಚುರುಕ್ಕೆಂದಿತು. ಬರೆಯುತ್ತ ಬರೆಯುತ್ತ ಹಲಗೆಗೇ ಪಾಠ ಒಪ್ಪಿಸುವುದು ಅವರ ಮೊದಲ ದಿನದ ಅಭ್ಯಾಸ.

ಮರುದಿನ ಸೀಮೆಸುಣ್ಣ ಮುಂದಿನ ಬೆಂಚಿನ ಹುಡುಗಿಯ ಕೈಗೆ ಹೋಯಿತು. ಅವಳು ಬರೆದಳು, ಮೇಡಂ ಬೆಂಚುಗಳ ನಡುವೆ ಓಡಾಡುತ್ತ, ಕೊನೆಯವರೆಗೂ ಹೋಗಿ ನಿಂತು ಹೇಳಿದರು. ವರ್ಷವಿಡೀ ತುಟಿ ಬಿಚ್ಚದಿದ್ದ ಎತ್ತರದ ಹುಡುಗಿಯೊಬ್ಬಳು ಅಲ್ಲಿ ತಲೆಯೆತ್ತಿದಳು.

"ಮೇಡಂ, ಇದನ್ನ ಮುಂಚೆ ಹೇಳಿದ್ರಾ?"

"ಹೇಳಿದ್ದೆ ಕಣಮ್ಮಾ, ಹಲಗೆಗೆ."

ಆ ತಿಂಗಳ ಟೆಸ್ಟಿನಲ್ಲಿ ಫೇಲಾದವರು ಹತ್ತೇ ಮಂದಿ. ಏಳನೇ ಕ್ಲಾಸು ಮೇಡಂ ಕೈಯಲ್ಲೇ ಉಳಿಯಿತು.

"ಏನು ಮಂತ್ರ ಹಾಕಿದ್ರಿ?" ಎಂದರು ಹೆಡ್‌ಮಾಸ್ತರು.

"ನಿಲ್ಲೋ ಜಾಗ ಬದಲಾಯಿಸಿದೆ ಸಾರ್, ಅಷ್ಟೇ."

ಕುಣಿದಾಡುವಷ್ಟು ಖುಷಿಯಾಗಬೇಕಿತ್ತು. ಆದರೆ ಪ್ರಗತಿ ಪತ್ರ ತುಂಬಲು ಕೂತಾಗ, ಎತ್ತರದ ಹುಡುಗಿಯ ಪತ್ರದಲ್ಲಿ ಕಳೆದ ಸಲ ಬರೆದ ತಮ್ಮದೇ ಅಕ್ಷರ ಕಣ್ಣಿಗೆ ಬಿತ್ತು: "ಗಮನ ಕೊಡುವುದಿಲ್ಲ." ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಮಕ್ಕಳ ಪತ್ರದಲ್ಲಿ ಇದೇ ಮಾತು ಬರೆದಿದ್ದರೋ. ಅವರನ್ನೆಲ್ಲ ಈಗ ಎಲ್ಲಿ ಹುಡುಕುವುದು?

ಮೇಡಂ ಆ ಸಾಲಿನ ಮೇಲೆ ಗೆರೆ ಎಳೆದರು. ಕೆಳಗೆ, "ತಪ್ಪು ನನ್ನದು" ಎಂದು ಬರೆದು ಸಹಿ ಹಾಕಿದರು.