ಗಾಳಿಯಿಲ್ಲದೆ ತೂರಿದ ಪುಡಿ

ನಮ್ಮ ದೇವರ ಮಾಡದಲ್ಲಿ ವಿಭೂತಿ ಗಟ್ಟಿಯ ಪಕ್ಕ ಒಂದು ಪ್ಲಾಸ್ಟಿಕ್ ಇನ್‌ಹೇಲರ್ ಇದೆ. ನಮ್ಮ ಮನೆಯವರು ತೀರಿಕೊಂಡು ಒಂದು ಸುಗ್ಗಿ ಕಳೆದರೂ ಅದು ಅಲ್ಲೇ ಇದೆ. ಮಾತಾಡಿಸಲು ಬಂದವರು ಅದನ್ನು ಕಂಡು ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಮಾತ್ರ ನಗು ಬರುತ್ತದೆ. ಬಾಯಿಗೆ ಸೆರಗು ಅಡ್ಡ ಹಿಡಿಯುತ್ತೇನೆ. ಅಳುತ್ತಿದ್ದೇನೆಂದು ತಿಳಿದು ಅವರು ಇನ್ನಷ್ಟು ಸಮಾಧಾನ ಹೇಳುತ್ತಾರೆ.

ನಮ್ಮವರ ಕಷ್ಟವೂ ನಗುವಿನದೇ. ಅವರು ಮುರಗೋಡದ ಸಂತೆಯಲ್ಲಿ ನಕ್ಕರೆ ನಮ್ಮ ಹಟ್ಟಿಯ ಎತ್ತುಗಳು ಕಿವಿ ನಿಮಿರಿಸುತ್ತವೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಅಂಥವರಿಗೆ ಉಬ್ಬಸ ಬಂತು. ನಕ್ಕರೆ ಕೆಮ್ಮು, ಕೆಮ್ಮಿದರೆ ಉಸಿರು ಸಿಗದು. ಅವರಿಗೆ ನಗು ಬರದಂತೆ ನೋಡಿಕೊಳ್ಳುವುದೇ ನಮ್ಮೆಲ್ಲರ ಸೇವೆಯಾಯಿತು. ಸೊಸೆ ರೊಟ್ಟಿಯನ್ನು ಇದ್ದಿಲು ಮಾಡಿಟ್ಟರೂ ಮಠದ ಪ್ರಸಾದವೆಂಬಂತೆ ಗಂಭೀರವಾಗಿ ತಿಂದೆವು. ಅವರು ಪಾಪ, ಯಾರಾದರೂ ಏನಾದರೂ ಅಂದಾರೇನೋ ಎಂದು ನಮ್ಮ ಮುಖಗಳನ್ನೇ ನೋಡುತ್ತಿದ್ದರು.

ಬೈಲಹೊಂಗಲದ ಡಾಕ್ಟರಬಾಯಿಯವರು ಈ ಇನ್‌ಹೇಲರ್ ಕೊಟ್ಟರು. ಪುಡಿ ತುಂಬಿದ ಕ್ಯಾಪ್ಸೂಲ್ ಒಳಗಿಟ್ಟು ತಿರುವಿದರೆ ಅದು ಬಿಚ್ಚಿಕೊಳ್ಳುತ್ತದೆ, ಬಾಯಿಟ್ಟು ಎಳೆಯಬೇಕು. ಎಳೆಯುವ ಬಗೆಯನ್ನೂ ತೋರಿಸಿದ್ದರು. ಆದರೆ ಅದೇ ವಾರ ಸಾಲಹಳ್ಳಿಯಿಂದ ಬೀಗರು ಬಂದರು, ನಮ್ಮ ಮಗಳ ಮಾವ. ಅವರಿಗೂ ಉಬ್ಬಸವೇ, ಅವರದು ಒತ್ತಿದರೆ ಚಿಮ್ಮುವ ಸ್ಪ್ರೇ. ನಮ್ಮವರು ಎಳೆಯುವುದನ್ನು ಕಂಡು ಅವರು ತಡೆದರು.

"ಹಂಗ ಎಮ್ಮಿ ನೀರ ಕುಡದಂಗ ಎಳೀಬ್ಯಾಡ್ರಿ ಬೀಗರ. ಸಾವಕಾಶ ಎಳೀರಿ, ಬಿಸಿ ಚಾ ಹೀರಿದಂಗ."

ಮಗಳನ್ನು ಕೊಟ್ಟ ಮನೆಯ ಮಾತು ಮೀರುವುದುಂಟೆ? ಡಾಕ್ಟರ ಮಾತು ಬೈಲಹೊಂಗಲದಲ್ಲಿ ಉಳಿಯಿತು, ಬೀಗರ ಮಾತು ನಮ್ಮ ಪಡಸಾಲೆಯಲ್ಲಿ ನಡೆಯಿತು. ಬೀಗರು ಊರಿಗೆ ಹೋದ ಮೇಲೂ ನಮ್ಮವರು ಚಾ ಹೀರಿದಂತೆಯೇ ಹೀರಿದರು. ನಾಲಿಗೆಗೆ ಸಿಹಿ ತಾಗಿತು, ಎದೆಗೆ ಏನೂ ತಾಗಲಿಲ್ಲ. "ಔಷಧ ಭಾಳ ರುಚಿ ಐತಿ ನೋಡ" ಎಂದು ಹೇಳಿ ಕೆಮ್ಮಿದರು.

ಮತ್ತೆ ಬೈಲಹೊಂಗಲದ ಬಸ್ಸು ಹತ್ತಿದೆವು. ಡಾಕ್ಟರಬಾಯಿ ಕೂರಿಸಿಕೊಂಡು ವಿವರಿಸಿದರು. ಏಳನೇ ಇಯತ್ತೆ ಓದಿದ ನನಗೆ ತಿಳಿದಷ್ಟು ಹೇಳುತ್ತೇನೆ. ಎದೆಯ ಆಳ ಮುಟ್ಟಲು ಔಷಧ ಬಹಳ ನುಣ್ಣಗಿರಬೇಕು. ಅಷ್ಟು ನುಣ್ಣಗಾದರೆ ಮಳೆಗಾಲದ ಹಿಟ್ಟಿನಂತೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಹಾರುವುದಿಲ್ಲ. ಅದಕ್ಕೇ ಹಾಲಿನ ಸಕ್ಕರೆಯ ದಪ್ಪ ಹರಳುಗಳೊಂದಿಗೆ ಬೆರೆಸಿರುತ್ತಾರೆ. ಜೋರಾಗಿ ಎಳೆದರೆ ಕ್ಯಾಪ್ಸೂಲು ಗಿರಗಿರ ತಿರುಗಿ, ಪುಡಿ ಜಾಲರಿಗೆ ಬಡಿದು, ಔಷಧ ಸಕ್ಕರೆಯಿಂದ ಕಳಚಿಕೊಳ್ಳುತ್ತದೆ. ಭಾರದ ಸಕ್ಕರೆ ಬಾಯಿ, ಗಂಟಲಲ್ಲಿ ಬೀಳುತ್ತದೆ. ಹಗುರಾದ ಔಷಧ ಒಳಗೆ ಹೋಗುತ್ತದೆ. ಸ್ಪ್ರೇಗೆ ತಳ್ಳುವ ಬಲ ಡಬ್ಬಿಯಲ್ಲೇ ಇರುತ್ತದೆ.

"ಇದಕ್ಕ ಗಾಳಿ ಅಂದ್ರ ನೀವ ರೀ, ಅಜ್ಜಾರ" ಎಂದರು.

ವರ್ಷವರ್ಷ ಕಣದಲ್ಲಿ ಮೊರ ಎತ್ತಿ ಜೋಳ ತೂರಿದ ಮನುಷ್ಯನ ಕಣ್ಣು ಅರಳಿತು.

"ಅಂದ್ರ ಇಷ್ಟ ದಿನಾ ಗಾಳಿ ಇಲ್ದ ತೂರಾಕ ಹತ್ತಿದ್ನಲ್ರಿ ನಾ! ಆದ್ರ ಬಾಯಾರ, ಇದು ಉಲ್ಟಾ ರಾಶಿ. ಕಾಳ ಬರೇ ಸಕ್ಕರಿ, ಹೊಟ್ಟ ಬಂಗಾರ!"

ಅಂದಿನಿಂದ ನಮ್ಮ ಮನೆಯ ಬೆಳಗು ಗಿರ್ರ್ ಎಂಬ ಸದ್ದಿನಿಂದ ಆಗತೊಡಗಿತು. ದಿನ ಕಳೆದಂತೆ ಎದೆ ಸಡಿಲಾಯಿತು. ಆದರೂ ನಗಿಸುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಆ ಧೈರ್ಯ ಮಾಡಿದವರು ಬೀಗರೇ. "ಸಾವಕಾಶ ಎಳೀತೀರಿಲ್ರಿ?" ಎಂದು ವಿಚಾರಿಸಿಕೊಳ್ಳುತ್ತ ಬಂದರು. ನಮ್ಮವರು ಇನ್‌ಹೇಲರಿಗೆ ಬಾಯಿಟ್ಟು ಎಳೆದೇಬಿಟ್ಟರು. ಬೀಗರ ಕೈಯ ಕಪ್ಪಿನ ಚಹಾ ಕೆಳಗಿನ ಬಸಿಗೆ ಚೆಲ್ಲಿತು.

"ಏನ್ರಿ ಇದು! ಗಿರಣಿ ಚಾಲೂ ಮಾಡಿದ್ರೇನು?"

ನಮ್ಮವರು ಉಸಿರು ಹಿಡಿದರು, ಬಿಟ್ಟರು, ಬಾಯಿ ಮುಕ್ಕಳಿಸಿದರು. ಆಮೇಲೆ ನಕ್ಕರು. ನಾನು ನೀರಿನ ತಂಬಿಗೆ ಹಿಡಿದು ಕೆಮ್ಮಿಗಾಗಿ ಕಾದು ನಿಂತೆ. ನಗು ಏರಿತು, ಇಳಿಯಿತು, ಮುಗಿಯಿತು. ಕೆಮ್ಮು ಬರಲೇ ಇಲ್ಲ. ಸೊಸೆ ಮೊದಲು ನಕ್ಕಳು. ಆಮೇಲೆ, ಉಳಿಸಿಟ್ಟದ್ದನ್ನೆಲ್ಲ ಮನೆಮಂದಿ ಅಂದೇ ನಕ್ಕು ಮುಗಿಸಿದೆವು. ಅಲ್ಲಿಂದ ಎರಡು ಸುಗ್ಗಿ ಅವರು ನಗುತ್ತಲೇ ಇದ್ದರು. ಒಂದು ಬೆಳಿಗ್ಗೆ ಹೃದಯ ನಿಂತಿತು.

ಹುಟ್ಟಿದವರು ಹೋಗಲೇಬೇಕು, ಎಲ್ಲ ಶಿವನಿಚ್ಛೆ ಎಂದು ಬಂದವರು ಹೇಳುತ್ತಾರೆ. ಸಿಹಿಯಾದ, ತೂಕದ ಮಾತುಗಳು. ಅವು ಗಂಟಲಲ್ಲೇ ಉಳಿಯುತ್ತವೆ. ಮೊನ್ನೆ ಬೀಗರು ಬಂದಿದ್ದರು. ಮಾಡದ ಕಡೆ ನೋಡಿ, "ಗಿರಣಿ ಬಂದ್ ಆತಲ್ರಿ, ಅಕ್ಕಾರ" ಎಂದರು.

ಅದು ನೇರ ಎದೆಗಿಳಿಯಿತು. ಇಬ್ಬರೂ ನಕ್ಕೆವು. ನಾನು ಸೆರಗು ಅಡ್ಡ ಹಿಡಿಯಲಿಲ್ಲ.