ಎಳೆಪಾಕದ ಬೆರಳು

ಪೆಟ್ಟಿಗೆಯ ಮೂಲೆಯಲ್ಲಿ ಹರಳೆಣ್ಣೆಯ ಸೀಸೆಯನ್ನಿಡುವಾಗ ಮುಚ್ಚಳ ಸಡಿಲಗೊಂಡು, ಆ ಜಿಗುಟು ವಾಸನೆ ಕೋಣೆಯನ್ನೆಲ್ಲ ಆವರಿಸಿತು. ಪಾಸ್‌ಪೋರ್ಟು, ಆಸ್ಪತ್ರೆಯ ಪತ್ರ, ಸ್ಕ್ಯಾನಿಂಗ್ ಚಿತ್ರಗಳನ್ನು ಬೇರೆ ಬೇರೆ ಲಕೋಟೆಗಳಲ್ಲಿಟ್ಟು ಹೊರಗೆ ಹೆಸರು ಬರೆದವಳು ನಾನು. ನನ್ನ ಶಿಸ್ತಿಗೆ ಒಳಪಡದೆ ಸತಾಯಿಸಿದ್ದು ಅಣ್ಣನ ಹೆಬ್ಬೆರಳೊಂದೇ.

ಮೇಳಿಗೆಯ ನನ್ನ ಅಣ್ಣ ಮದುವೆಮನೆಗಳ ಅಡುಗೆಯವನು. ತೀರ್ಥಹಳ್ಳಿಯ ಕಡೆಯ ಮದುವೆಯಲ್ಲಿ ನೀವು ಮೈಸೂರುಪಾಕನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡಿದ್ದರೆ ಅವನ ಕೈಯನ್ನು ಬಲ್ಲಿರೆಂದೇ ಅರ್ಥ. ಕುದಿಯುವ ಪಾಕವನ್ನು ಸೌಟಿನಿಂದ ತೆಗೆದು, ಹೆಬ್ಬೆರಳು ತೋರುಬೆರಳುಗಳ ನಡುವೆ ಎಳೆದು ನೋಡುವುದು ಅವನ ಕ್ರಮ. ಬಲಗಣ್ಣಿನ ಹಿಂದೆ ಗೆಡ್ಡೆ ಬೆಳೆದು ದೃಷ್ಟಿ ಮಂಜಾದ ಮೇಲಂತೂ ಅವನಿಗೆ ಬೆರಳೇ ಕಣ್ಣಾಯಿತು. ಸುಟ್ಟು ಸುಟ್ಟು ಅದರ ತುದಿ ಹೊಳೆಯ ಕಲ್ಲಿನಂತೆ ನುಣುಪಾಯಿತು.

ಗೆಡ್ಡೆ ತೆಗೆದು ದೃಷ್ಟಿ ಉಳಿಸಬಹುದೆಂದು ಹೊರದೇಶದ ಆಸ್ಪತ್ರೆಯೊಂದು ಬರೆಯಿತು. ತಡವಾದರೆ ಇನ್ನೊಂದು ಕಣ್ಣೂ ಹೋದೀತೆಂದೂ ಬರೆಯಿತು. ವೀಸಾಕ್ಕೆ ಬೆರಳಚ್ಚು ಬೇಕು. ಹಿಂದೆ ಆಧಾರ್ ಯಂತ್ರ ಅವನ ಬೆರಳನ್ನು ಪದೇ ಪದೇ ತಿರಸ್ಕರಿಸಿದ್ದನ್ನು ನಾನು ಕಂಡಿದ್ದೆ. ಅಚ್ಚು ಮೂಡದೆ ಅರ್ಜಿ ತಡೆದರೆ ಶಸ್ತ್ರಚಿಕಿತ್ಸೆಯ ದಿನವೇ ಕೈತಪ್ಪುತ್ತದೆ.

"ಬಿಸಿ ಮುಟ್ಟದೇ ಇದ್ರೆ ಗೆರೆ ಮತ್ತೆ ಬರ್ತದೆ," ಎಂದರು ಚರ್ಮದ ವೈದ್ಯರು.

ಸರಿ, ಅಣ್ಣನನ್ನು ಸಾಗರದ ನನ್ನ ಮನೆಗೆ ಕರೆತಂದೆ. ತರಗತಿಯಲ್ಲಿ ಮಕ್ಕಳ ಉಗುರು ನೋಡುತ್ತಲೇ ತಲೆ ನರೆಸಿಕೊಂಡವಳಿಗೆ ಬೆರಳಿನ ತಪಾಸಣೆ ಹೊಸತೇ? ಬೆಳಿಗ್ಗೆ ಸಂಜೆ ಹರಳೆಣ್ಣೆ ಹಚ್ಚಿದೆ. ಕಾಫಿಯನ್ನೂ ಆರಿಸಿಯೇ ಕೊಟ್ಟೆ.

"ಎಂತ ಮಾರಾಯ್ತಿ, ಇದು ಕಾಫಿಯಾ, ತೀರ್ಥವಾ?"

"ತೀರ್ಥ ಅಂತಲೇ ಕುಡಿ. ಕೈ ತೋರ್ಸು."

ಬೆರಳಚ್ಚಿನ ದಿನ ಸಮೀಪಿಸಿದಾಗ ಅಣ್ಣ ಮನೆಯಿಂದ ಕಾಣೆಯಾದ. ಅವನೊಡನೆ ಬಹುಕಾಲ ಅಡುಗೆ ಮಾಡಿದ ಸುಬ್ಬಣ್ಣನ ಮಗಳ ಮದುವೆ ಹೊಸನಗರದಲ್ಲಿತ್ತು. ಆ ಮದುವೆಯ ಪಾಕ ತನ್ನದೆಂದು, ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಅಣ್ಣ ಮಾತು ಕೊಟ್ಟಿದ್ದ. ಬಸ್ಸು ಹಿಡಿದು ಧಾವಿಸಿದೆ. ಮದುವೆಯ ಮುನ್ನಾದಿನದ ಗಡಿಬಿಡಿಯ ನಡುವೆ ಅಣ್ಣ ಕೈಗಳೆರಡನ್ನೂ ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿಕೊಂಡು ಬಾಣಲೆಯ ಮುಂದೆ ನಿಂತಿದ್ದ.

"ಮುಟ್ಲಿಲ್ಲ ಕಣೇ, ದೇವ್ರಾಣೆ! ಆದ್ರೆ ಎಳೆ ಕಣ್ಣಿಗೆ ಕಾಣ್ತಾ ಇಲ್ಲ. ಸುಬ್ಬಣ್ಣ ನಾಂದಿಗೆ ಕೂತಿದಾನೆ. ನೀನೇ ನೋಡು."

"ನಂಗೆಂತ ಗೊತ್ತಾಗ್ತದೆ?"

"ಊರಿನ ಮಕ್ಕಳಿಗೆಲ್ಲ ಪಾಠ ಹೇಳಿದೀಯಲ್ಲ, ಈಗ ನಾನು ಹೇಳ್ತೀನಿ. ಬೆರಳು ಹಾಕು!"

ಹಾಕಿದೆ. ಪ್ರಾಣವೇ ಬೆರಳ ತುದಿಗೆ ಬಂತು.

"ಎಳೆ ಬಂತಾ?"

ಬಂತೆಂದುಬಿಟ್ಟರೆ ಕೈಗೆ ಬಿಡುಗಡೆ. "ಹರೀತು," ಎಂದೆ.

"ಹಂಗಾದ್ರೆ ಇನ್ನೂ ಆಗ್ಲಿಲ್ಲ. ಇನ್ನೊಂದ್ಸಲ."

ಮತ್ತೆ ಎಳೆದೆ. "ನಿಂತಿದೆ ಅಣ್ಣ!"

"ಹಾಕ್ರೋ ಹಿಟ್ಟು!" ಎಂಬ ಅವನ ಗರ್ಜನೆಗೆ ಅಡುಗೆಮನೆಯೇ ಎದ್ದು ನಿಂತಿತು.

ಬೆಂಗಳೂರಿನ ವೀಸಾ ಕಚೇರಿಯಲ್ಲಿ ಅಣ್ಣನ ಬೆರಳಗೆರೆಗಳು ಒಂದೊಂದಾಗಿ ಪರದೆಯ ಮೇಲೆ ಮೂಡಿದವು. ರೋಗಿಯ ಜೊತೆಗಾರಳಾದ ನನ್ನ ಬೊಬ್ಬೆಯೆದ್ದ ಹೆಬ್ಬೆರಳನ್ನು ಮಾತ್ರ ಯಂತ್ರ ಹಲವು ಸಲ ನಿರಾಕರಿಸಿ, ಕೊನೆಗೆ ಒಪ್ಪಿತು. "ಟೀಚರೇ, ಸರಿಯಾಗಿ ಕೈ ತೋರ್ಸಿ," ಎಂದು ಹಿಂದಿನಿಂದ ಅಣ್ಣ ನಕ್ಕ.

ವೀಸಾ ಬಂದಿದೆ. ನಾಳೆ ಹೊರಡುತ್ತೇವೆ.

"ಅಚ್ಚು ಕೊಟ್ಟಾಯ್ತಲ್ಲ, ಇವತ್ತಾದ್ರೂ ಬಿಸಿ ಕಾಫಿ ಕೊಡೇ," ಎಂದು ಅಣ್ಣ ಜಗಲಿಯಿಂದ ಕೂಗುತ್ತಿದ್ದಾನೆ.

"ಅಲ್ಲಿ ಇಳಿದ ಮೇಲೂ ಬೆರಳು ಕೇಳ್ತಾರೆ. ಆರಿದ್ದೇ ಕುಡಿ!"

ಸೀಸೆಯ ಮುಚ್ಚಳವನ್ನು ಬಿಗಿಗೊಳಿಸುವ ನನ್ನ ಹೆಬ್ಬೆರಳಿನಲ್ಲೂ ಈಗ ಒಂದು ನುಣುಪು ಕಲೆಯಿದೆ. ಶಸ್ತ್ರಚಿಕಿತ್ಸೆಯ ನಂತರ ಅವನ ಕಣ್ಣಿಗೆ ಪಟ್ಟಿ ಕಟ್ಟಿರುವಷ್ಟು ದಿನ, ವೈದ್ಯರ ಮುಖದಲ್ಲಿ ಕಂಡದ್ದನ್ನು ಅವನಿಗೆ ನಾನೇ ಹೇಳಬೇಕು. ಹೇಳುತ್ತೇನೆ. ಎಳೆ ನಿಂತಿದ್ದರೆ ನಿಂತಿದೆಯೆಂದು, ಹರಿದಿದ್ದರೆ ಇನ್ನೊಂದು ಸಲ ನೋಡೋಣವೆಂದು.